ನಾಯಿ ಅಡ್ಡ ಬಂತಂತೆ

ನಾಯಿ ಅಡ್ಡ ಬಂತು ಅಂದ ಇನಾಯತ್
ಬೈಕನ್ನು ಟೆಂಪೋದಿಂದ ಇಳಿಸುತ್ತ.
ಹ್ಞೂಂ ಅಂದೆ.
ನಾಯಿ ಅಡ್ಡ ಬಂದರೆ ಮಂಡಿ ತರಚುತ್ತದೆ,
ಇಂಡಿಕೇಟರ್ ಒಡೆಯುತ್ತದೆ.
ಫೋರ್ಕಿನ ಕೊಳವೆ ಹೀಗೆ ಹಿಂದಕ್ಕೆ ಬಾಗಿ
ಚಕ್ರ ಇಂಜಿನ್ನಿನ ಎದೆಗೆ ಒರಗುವುದಿಲ್ಲ.
ಇದು ಗೋಡೆ. ಇಲ್ಲಾ ಕಲ್ಲುಕಂಬ.
ಕೇಳಲಿಲ್ಲ. ರಿಪೇರಿಗೆ ಬಂದವರ ಕಥೆ
ರಿಪೇರಿ ಮಾಡುವುದು ನನ್ನ ಕೆಲಸವಲ್ಲ.

ಬಿಚ್ಚಿದೆ. ಎಡದ ಕೊಳವೆ ಹೋಗಿತ್ತು,
ಕೆಳಗಿನ ಟಿ ಹೋಗಿತ್ತು,
ಬೇರಿಂಗಿನ ಬಟ್ಟಲಲ್ಲಿ ಗುಂಡು ಕಚ್ಚಿದ ಗುರುತು.
ಬಲದ್ದು ನೆಟ್ಟಗಿತ್ತು. ಅದು ಇರಲಿ.
ಮೂರನೇ ದಿನ ಚಿಂತಾಮಣಿಯಿಂದ ಬಂತು ಸಾಮಾನು,
ಬಸ್ಸಿನ ಡ್ರೈವರ್ ಸೀಟಿನ ಕೆಳಗೆ
ಹಳೇ ಪೇಪರ್ ಸುತ್ತಿಕೊಂಡು.

ಗೋಡೆಯ ಮೇಲಿನ ಪುರಸಭೆ ಲೈಸೆನ್ಸು ಇಳಿಸಿ
ಕಟ್ಟಿನ ಗಾಜು ಕಳಚಿದೆ.
ಈ ಅಂಗಡಿಯಲ್ಲಿ ನಿಜವಾಗಿ ಸಮ ಇರುವುದು ಅದೊಂದೇ.
ಹಳೇದಕ್ಕೂ ಹೊಸದಕ್ಕೂ ಅಡ್ಡ ಹಿಡಿದು
ಒಂದು ಮೂಲೆ ಒತ್ತಿದೆ.
ಟಕ್.
ಎದುರು ಮೂಲೆ ಎದ್ದಿತ್ತು,
ಪೋಸ್ಟ್‌ಕಾರ್ಡಿನ ದಪ್ಪ.

ಮತ್ತೆ ಎಲ್ಲ ಸಡಿಲ. ಮೇಲಿನ ಟಿ, ಕೆಳಗಿನ ಟಿ.
ಹುಡುಗ ಗಂಗುಲು ಹ್ಯಾಂಡಲ್ ಹಿಡಿದು ನಿಂತ,
ನಾನು ಕೂದಲೆಳೆಯಷ್ಟು ತಿರುಚಿದೆ.
ಟಕ್. ಇನ್ನೊಂದು ಕೂದಲು. ಟಕ್.
ನಾಲ್ಕನೇ ಸಲ ಗಾಜು ಮಾತಾಡಲಿಲ್ಲ.

ಚಕ್ರ ಕೂರಿಸಿ, ಮುಂದಿನ ಬ್ರೇಕ್ ಹಿಡಿದು
ಹತ್ತು ಸಲ ಕುಕ್ಕಿದೆ,
ಆಕ್ಸಲ್ಲಿನ ಮೇಲೆ ಆ ಕಾಲು
ತನ್ನ ಜಾಗ ತಾನೇ ಹುಡುಕಿಕೊಳ್ಳಲಿ ಅಂತ.
ಕಚ್ಚಿನ ಬೋಲ್ಟು ಆಮೇಲೆ.
ಅವಸರಕ್ಕೆ ಬಿದ್ದು ಮೊದಲೇ ಬಿಗಿದರೆ
ಗುಜರಿಗೆ ಹೋಗುವ ತನಕ ಕುಂಟುತ್ತದೆ.

ಬೇರೆ ಊರಿನ ಮೆಕ್ಯಾನಿಕ್ಕುಗಳು ಹುರಿ ಕಟ್ಟುತ್ತಾರೆ.
ಶಿಡ್ಲಘಟ್ಟದಲ್ಲಿ ನನಗೆ ರೇಷ್ಮೆಯೇ ಸಿಗುತ್ತದೆ,
ಇನಾಯತ್‌ನ ಫಿಲೇಚರಿನದು, ಎಂಟೆಳೆ ಹೊಸೆದದ್ದು.
ಹಿಂದಿನ ಚಕ್ರಕ್ಕೆ ಬಳಸಿ ಎರಡೂ ಪಕ್ಕ ಮುಂದಕ್ಕೆ ಎಳೆದೆ.
ಬಿಗಿದರೆ ಜೋಲುವುದಿಲ್ಲ ಅದು.
ಎಡಕ್ಕೆ ಆರು ಮಿಲಿ. ಬಲಕ್ಕೆ ಆರು.

ಆಗ ಬಂದಳು ಅವನ ಮಗಳು ರುಖಿಯಾ,
ದುಡ್ಡಿನ ಕವರು ಹಿಡಿದ ಅಂಗೈಗೆ ಬ್ಯಾಂಡೇಜು.
ದಾರವನ್ನು ಬಗ್ಗಿ ನೋಡಿದಳು, ತುಂಬ ಹೊತ್ತು.
“ಇದು ಮೊದಲಿಂದಲೂ ಎಡಕ್ಕೆ ಎಳೀತಿತ್ತು ಅಣ್ಣಾ.”
ಮೊದಲು ಅಂದರೆ?
“ನಾನು ಬೀಳೋಕೆ…”
ನಾಲಿಗೆ ಕಚ್ಚಿಕೊಂಡಳು.

ಗೂಡಿನ ಮಾರ್ಕೆಟ್ಟಿನ ಹಿಂದೆ ಬಯಲಿದೆ,
ಬೆಳಗಿನ ಜಾವ ಯಾರೂ ಇರುವುದಿಲ್ಲ,
ಅದರ ಗೋಡೆ ಇರುವುದು ಎಡಕ್ಕೆ.

ಎರಡು ವರ್ಷದ ಹಿಂದೆ ಗೂಡಿನ ರೇಟು ಏರಿದ್ದಾಗ
ಕೈಯಲ್ಲಿ ಕಾಸಿಲ್ಲ ಅಂದಿದ್ದ ಇನಾಯತ್.
ಇದೇ ಎಡದ ಕೊಳವೆಗೆ ಜಾಕಿ ಕೊಟ್ಟು
ಒಂದು ಕಣ್ಣು ಮುಚ್ಚಿ ನೋಡಿ
ಫಸ್ಟ್ ಕ್ಲಾಸ್ ಅಂದು ಕಳಿಸಿದವನು ನಾನು.
ಅವತ್ತು ಗಾಜು ಗೋಡೆಯಲ್ಲೇ ಇತ್ತು.
ಅವನು ಒಂದು ದಿನವೂ ದೂರಲಿಲ್ಲ.
ಎರಡು ವರ್ಷ ಅವನ ಬಲಭುಜ
ನನ್ನ ಕೆಲಸವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿತ್ತು,
ಅವನಿಗೇ ತಿಳಿಯದ ಹಾಗೆ.
ಹೊಸ ಕೈಗೆ ಆ ರೂಢಿ ಎಲ್ಲಿಂದ ಬರಬೇಕು?

ಟ್ರಯಲ್ ನೋಡಿ ಬರ್ತೀನಿ ಅಂದು
ದಿಬ್ಬೂರಹಳ್ಳಿ ರಸ್ತೆಗೆ ಇಳಿಸಿದೆ.
ಹಿಪ್ಪುನೇರಳೆ ತೋಟ ಎರಡೂ ಕಡೆ.
ನಲವತ್ತರಲ್ಲಿ ಎರಡೂ ಕೈ ಬಿಟ್ಟೆ.
ನೇರ ಹೋಯಿತು.
ಖುಷಿಯಾಗಬೇಕಿತ್ತು.
ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬಳು
ಈ ವಯಸ್ಸಿಗೆ ಈ ಸರ್ಕಸ್ಸೇ ಅಂತ ನಿಂತು ಬೈದಳು.

ವಾಪಸ್ ಬಂದು ಗಾಜನ್ನು ಲೈಸೆನ್ಸಿಗೆ ಕೂರಿಸಿದೆ,
ಗ್ರೀಸಿನ ಬೆರಳಚ್ಚು ಒರೆಸಲಿಲ್ಲ.
ಬಿಲ್ಲು ಬರೆದೆ: ಕೊಳವೆ, ಟಿ, ಬೇರಿಂಗು, ಆಯಿಲು.
ಲೇಬರ್ ಎದುರಿಗೆ ಒಂದು ಗೆರೆ ಎಳೆದೆ.

ಅವಳು ಓದಿದಳು, ನನ್ನ ಮುಖ ನೋಡಿದಳು,
ಯಾಕೆ ಅಂತ ಕೇಳಲಿಲ್ಲ.
ಕೇಳಿದ್ದರೆ
ನಾಯಿ ಅಂದುಬಿಡುತ್ತಿದ್ದೆ.